ಶನಿವಾರದ ಬಟಾಟೆ ವಡೆ

ನಾರ್ವೆ, ಕೊಪ್ಪ ತಾಲ್ಲೂಕು
೧೨-೨-೨೦೨೫, ಬುಧವಾರ

ಪ್ರೀತಿಯ ಅತ್ತೆಗೆ,

ಹೇಗಿದ್ದೀರಿ? ನರಸಿಂಹರಾಜಪುರದ ಸೆಖೆಗೆ ಕಾಲಿನ ಊತ ಹೆಚ್ಚಾಗಿಲ್ಲ ತಾನೆ? ದಿವ್ಯ ಅತ್ತಿಗೆಯ ಬಾಣಂತನದ ಗಡಿಬಿಡಿಯಲ್ಲಿ ನಿಮ್ಮ ಮಾತ್ರೆ ಮರೆಯಬೇಡಿ. ಫೋಟೋದಲ್ಲಿ ಪಾಪುವಿನ ಮೂಗು ನೋಡಿದೆ, ಥೇಟ್ ಅದರ ಸೋದರಮಾವನದೇ. ಪಾಪ, ದೊಡ್ಡದಾದ ಮೇಲೆ ಸರಿಹೋಗಬಹುದು. ನಿಮ್ಮ ಮಗ ಚೆನ್ನಾಗಿದ್ದಾರೆ. ನಾನು ಮಾಡಿದ ಸಾರನ್ನು ಎರಡೆರಡು ಸಲ ಬಡಿಸಿಕೊಳ್ಳುತ್ತಾರೆ, ಆಮೇಲೆ ಏನೂ ಹೇಳದೆ ಚೊಂಬುಗಟ್ಟಲೆ ನೀರು ಕುಡಿಯುತ್ತಾರೆ. ಇಂಥವರನ್ನು ಹೆತ್ತುಕೊಟ್ಟದ್ದಕ್ಕೆ ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಇದನ್ನೆಲ್ಲ ಫೋನಿನಲ್ಲಿ ಹೇಳಲು ಹೊರಟರೆ ಪಾಪು ಅಳುತ್ತದೆ, ನೀವು ಇಟ್ಟುಬಿಡುತ್ತೀರಿ. ಅದಕ್ಕೇ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ. ಕನ್ನಡದಲ್ಲಿ ತಪ್ಪಿದ್ದರೆ ಕ್ಷಮಿಸಿ. ನಮ್ಮ ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದರೆ ದಂಡ ಹಾಕುತ್ತಿದ್ದರು. ಮಾತಾಡದೆ ಉಳಿಸಿದ ದಂಡವನ್ನೆಲ್ಲ ಈಗ ಒಟ್ಟಿಗೆ ಕಟ್ಟಿದ್ದೇನೆ, ಆ ಕಥೆ ಕೇಳಿ.

ಹೊರಡುವ ಮುನ್ನ ನೀವು ದುಡಿಯುವ ಅಡಿಕೆ ಹಾಳೆ ತಟ್ಟೆ ಕಾರ್ಖಾನೆಯ ಆಫೀಸಿಗೆ ನನ್ನನ್ನು ಸೇರಿಸಿ, ‘ನನ್ನ ಹೆಸರು ಉಳಿಸು ಮಾರಾಯ್ತಿ’ ಎಂದಿದ್ದಿರಲ್ಲ, ಅದಾದ ಎರಡನೆಯ ವಾರವೇ ಇದು ನಡೆದದ್ದು. ಕಾರ್ಖಾನೆಯನ್ನು ಹೊಸ ಕಂಪನಿ ಕೊಂಡಿದ್ದು ನಿಮಗೆ ಗೊತ್ತು. ಮ್ಯಾನೇಜರ್ ಜಯಪ್ರಕಾಶ್ ಸರ್ ಶೃಂಗೇರಿಗೆ ಬೈಕಿನಲ್ಲಿ ಹೋಗುತ್ತಾ ನನಗೆ ಫೋನ್ ಮಾಡಿ ಒಂದು ನೋಟಿಸ್ ಬರೆಯಲು ಹೇಳಿದರು. ಶನಿವಾರದ ಬಟವಾಡೆ ಇನ್ನು ಇಲ್ಲ, ತಿಂಗಳಿಗೊಮ್ಮೆ ಏಳನೇ ತಾರೀಕಿಗೆ ಎಂದು. ಫೋನಿನ ತುಂಬ ಗಾಳಿಯ ಸದ್ದು. ದೇವರಾಣೆ ಅತ್ತೆ, ನಮ್ಮ ಮನೆಯಲ್ಲಿ ಅಪ್ಪನಿಗೆ ಬರುತ್ತಿದ್ದದ್ದು ಸ್ಯಾಲರಿ. ಸಂಬಳ ಹಂಚುವುದಕ್ಕೆ ಬಟವಾಡೆ ಎನ್ನುತ್ತಾರೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಿಂದಿನ ಶನಿವಾರ ಸಂಜೆ ಎಲ್ಲರಿಗೂ ಚಹಾದ ಜೊತೆ ಹೋಟೆಲಿನ ಬಟಾಟೆ ವಡೆ ಕೊಟ್ಟದ್ದನ್ನು ಮಾತ್ರ ಕಣ್ಣಾರೆ ಕಂಡಿದ್ದೆ. ಹಾಗಾಗಿ ದಪ್ಪ ಅಕ್ಷರದಲ್ಲಿ ಟೈಪ್ ಮಾಡಿದೆ: ‘ಪ್ರತಿ ಶನಿವಾರದ ಬಟಾಟೆ ವಡೆಯನ್ನು ನಿಲ್ಲಿಸಲಾಗಿದೆ. ಇನ್ನು ಮುಂದೆ ತಿಂಗಳಿಗೊಮ್ಮೆ, ಏಳನೇ ತಾರೀಕಿನಂದು ಕೊಡಲಾಗುವುದು.’ ಹೆಂಗಸರು ತಿನ್ನುವ ವಡೆಗೂ ಕತ್ತರಿ ಹಾಕುವ ಇದೆಂಥ ಜಿಪುಣ ಕಂಪನಿ ಎಂದು ರಾತ್ರಿ ನಿಮ್ಮ ಮಗನ ಹತ್ತಿರ ಬೈದುಕೊಂಡೆ ಕೂಡ. ಮರುದಿನ ಸರ್ ಬಂದವರೇ ಓದದೆ ಸಹಿ ಹಾಕಿ, ಸೀಲು ಒತ್ತಿದರು. ನಾನು ಬೋರ್ಡಿಗೆ ಅಂಟಿಸಿದೆ.

ಯಾರೂ ತಕರಾರು ಮಾಡಲಿಲ್ಲ. ‘ಹೋಗ್ಲಿ ಬಿಡು, ಆ ವಡೆಯಲ್ಲಿ ಬಟಾಟೆ ಎಲ್ಲಿತ್ತು’ ಎಂದು ನಿಮ್ಮ ಪಕ್ಕದ ಮಿಷಿನ್ನಿನ ವೀರಬಸಮ್ಮ ನಕ್ಕು ಹೋದರು. ಶನಿವಾರ ಬಂತು, ನಾಲ್ಕು ಗಂಟೆಯಾಯಿತು, ಸಂಬಳ ಬರಲಿಲ್ಲ. ಮರುದಿನ ಎಲ್ಲರೂ ಸ್ವಸಹಾಯ ಸಂಘದ ಸಾಲದ ವಾರದ ಕಂತು ಕಟ್ಟಬೇಕಿತ್ತು. ಒಬ್ಬರು ತಪ್ಪಿಸಿದರೂ ಉಳಿದವರು ತುಂಬಬೇಕಾಗುತ್ತದೆ, ಎಲ್ಲರೂ ತಪ್ಪಿಸಿದರೆ ತುಂಬುವವರು ಯಾರು? ‘ನೋಟಿಸ್ ಹಾಕಿ ನಾಲ್ಕು ದಿನವಾಯಿತಲ್ಲ’ ಎಂದರು ಸರ್. ವೀರಬಸಮ್ಮ ಅವರನ್ನು ಬೋರ್ಡಿನ ಮುಂದೆ ನಿಲ್ಲಿಸಿ, ‘ಗಟ್ಟಿಯಾಗಿ ಓದಿ ಸಾರ್, ನಮಗೂ ಕೇಳ್ಲಿ’ ಎಂದರು. ಸರ್ ಓದಿದರು. ವಡೆ ಎಂಬಲ್ಲಿಗೆ ಬಂದಾಗ ಅದನ್ನೇ ಎರಡು ಸಲ ಓದಿದರು. ಆಮೇಲೆ ನನ್ನ ಕಡೆ ತಿರುಗಿ, ಸೋಮವಾರದಿಂದ ಬರಬೇಡ ಎಂದುಬಿಟ್ಟರು. ಅತ್ತೆ, ನನ್ನ ಕಣ್ಣ ಮುಂದೆ ಬಂದದ್ದು ನಿಮ್ಮ ಮುಖವೊಂದೇ. ಆದರೆ ವೀರಬಸಮ್ಮ ನನ್ನನ್ನು ಹಿಂದಕ್ಕೆ ಸರಿಸಿ ಹೇಳಿದ್ದು ಇಷ್ಟು: ‘ಬರೆದದ್ದು ಕೂಸು, ಸೀಲು ಒತ್ತಿದ್ದು ಯಾರು ಮಾರಾಯ್ರೆ? ವಡೆ ನಿಲ್ಲಿಸಿದ್ರಿ, ನಾವು ಎಂತಾದ್ರೂ ಹೇಳಿದ್ವಾ? ಬಟವಾಡೆ ನಿಲ್ಲಿಸಿದ್ದು ಇದರಲ್ಲಿ ಎಲ್ಲಿದೆ, ತೋರ್ಸಿ.’ ಸರ್ ಬೈಕ್ ಹತ್ತಿ ಹಣ ತರಲು ಹೊರಟರು. ಕತ್ತಲಾಗುವ ಮೊದಲು ಎಲ್ಲರ ಕೈಗೂ ಸಂಬಳ ಬಂತು. ನನ್ನ ಕೆಲಸವೂ ಉಳಿಯಿತು, ಏಕೆಂದರೆ ನನ್ನನ್ನು ತೆಗೆದರೆ ಓದದೆ ಸೀಲು ಒತ್ತಿದ ವಿಷಯ ಮೇಲಿನವರಿಗೆ ಹೇಳಬೇಕಾಗುತ್ತಿತ್ತು.

ಇನ್ನೊಂದು ನೋಟಿಸ್ ಹೊರಡುವ ಮೊದಲೇ ಹೆಂಗಸರೆಲ್ಲ ಸರ್ ಜೊತೆ ಕೂತು ಮಾತಾಡಿದರು. ಸಂಘದ ಕಂತಿನ ಕಷ್ಟ ಅವರಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲವಂತೆ. ಕಂಪನಿಯವರು ಎರಡು ವಾರ ಎಳೆದಾಡಿ ಕೊನೆಗೆ ಒಪ್ಪಿದರು: ಸಂಬಳ ಬ್ಯಾಂಕ್ ಖಾತೆಗೇ ಹೋಗಬೇಕು, ಆದರೆ ಶನಿವಾರವೇ ಹೋಗಬೇಕು. ನಾನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮೆಸೇಜ್ ನೋಡುವುದು ಹೇಳಿಕೊಟ್ಟೆ, ಅವರು ನನಗೆ ಕನ್ನಡ ಹೇಳಿಕೊಟ್ಟರು. ಮೊನ್ನೆ ಶನಿವಾರ ಮಿಷಿನ್ನುಗಳನ್ನೆಲ್ಲ ನಿಲ್ಲಿಸಿ, ಸಿಗ್ನಲ್ ಸಿಗುವ ನೀರಿನ ಟ್ಯಾಂಕಿನ ಪಕ್ಕ ಎಲ್ಲರೂ ನಿಂತೆವು. ಹಾಳೆ ನೆನೆಸಿದ ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಂಡು ಫೋನ್ ಹಿಡಿದಿದ್ದರು. ಮೊದಲು ಒಂದು ಟಿಂಗ್, ಆಮೇಲೆ ಎರಡು, ಆಮೇಲೆ ದೇವಸ್ಥಾನದಲ್ಲಿ ಮಂಗಳಾರತಿಯಾದ ಹಾಗೆ. ‘ಇಷ್ಟು ದಿನ ಎಣಿಸಿ ತಗೊಳ್ತಿದ್ವಿ, ಇನ್ನು ಕೇಳಿ ತಗೊಳ್ಳೋದು’ ಎಂದರು ವೀರಬಸಮ್ಮ. ನಾನು ನಗುತ್ತಾ ನಗುತ್ತಾ ಅತ್ತುಬಿಟ್ಟೆ. ಈಗ ಆಫೀಸಿನಲ್ಲಿ ಹೊಸ ನಿಯಮ ಬಂದಿದೆ. ನಾನು ಬರೆದ ಯಾವ ನೋಟಿಸನ್ನೂ ವೀರಬಸಮ್ಮ ಓದದೆ ಸರ್ ಸಹಿ ಮಾಡುವುದಿಲ್ಲ.

ಅತ್ತಿಗೆಗೆ ನನ್ನ ಪ್ರೀತಿ, ಪಾಪುವಿನ ಅಂಗಾಲಿಗೆ ಒಂದು ಮುತ್ತು, ನಿಮ್ಮ ಪಾದಕ್ಕೆ ನಮ್ಮಿಬ್ಬರ ನಮಸ್ಕಾರ.

ನಿಮ್ಮ ಹೆಸರನ್ನು ಸ್ವಲ್ಪ ಅಲ್ಲಾಡಿಸಿ ಮತ್ತೆ ನಿಲ್ಲಿಸಿದ ಸೊಸೆ,
ರೇಖಾ

ತಾ.ಕ.: ಬಸ್ಸು ಹಾರನ್ ಹೊಡೆಯುತ್ತಿದೆ, ಬೇಗ ಹೇಳಿಬಿಡುತ್ತೇನೆ. ಎಲ್ಲವನ್ನೂ ಬಿಟ್ಟುಕೊಟ್ಟ ಸರ್ ವಡೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಅದನ್ನು ನಿಲ್ಲಿಸಿದ ನೋಟಿಸಿಗೆ ಸೀಲು ಬಿದ್ದಿದೆಯಂತೆ. ನಿಲ್ಲಿಸಿದವಳೇ ಕರಿದು ಹಾಕಬೇಕು ಎಂದು ವೀರಬಸಮ್ಮನ ತೀರ್ಪು. ಈ ಶನಿವಾರ, ಬಟವಾಡೆಯ ಹೊತ್ತಿಗೆ, ಎಲ್ಲರಿಗೂ. ನಾನು ಈವರೆಗೆ ಕರಿದದ್ದು ಹಪ್ಪಳ ಮಾತ್ರ, ಅದೂ ಅರ್ಧ ಸುಟ್ಟದ್ದು. ಶುಕ್ರವಾರದ ಬಸ್ಸಿಗೆ ಒಂದು ದಿನದ ಮಟ್ಟಿಗಾದರೂ ಬನ್ನಿ ಅತ್ತೆ. ಪಾಪುವನ್ನು ನೋಡಿಕೊಳ್ಳಲು ಅದರ ಅಪ್ಪನ ಅಮ್ಮ ಒಪ್ಪಿದ್ದಾರೆ, ನಿಮ್ಮನ್ನು ಕೇಳದೆ ನಾನೇ ಫೋನ್ ಮಾಡಿ ಕೇಳಿದೆ. ನಿಮ್ಮ ಮಿಷಿನ್ನಿಗೆ ಬಟ್ಟೆ ಹೊದಿಸಿ ಇಟ್ಟಿದ್ದಾರೆ, ಯಾರನ್ನೂ ಅಲ್ಲಿ ಕೂರಿಸಿಲ್ಲ.