ಒಣಮರದ ಹಕ್ಕಿಗಳು

ಹೊಂಗಡಹಳ್ಳ
೨೫ ಜನವರಿ ೨೦೦೪

ಪ್ರೀತಿಯ ದೇವೀರಿಗೆ,

ನಾನು ಕ್ಷೇಮ. ಹಾಸನದ ಹಾಸ್ಟೆಲಿನ ಅಡುಗೆಮನೆಯಲ್ಲಿ ನಿನಗೆ ಬಿಡುವು ಸಿಗುತ್ತಿದೆಯೋ ಇಲ್ಲವೋ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಬರೆಯಲು ಕೂತರೆ ಈ ಮುಚ್ಚಿದ ಎಸ್ಟೇಟಿನಿಂದ ಹೇಳುವಂಥದ್ದೇ ಏನೂ ಇರಲಿಲ್ಲ. ಈಗ ಇದೆ.

ಹೋದ ವಾರ ಪೂಜಿತಾ ಬಂದಿದ್ದಳು. ಮರಕುಟಿಗ ಎಣಿಸಲು ಕಾಲೇಜಿನಿಂದ ಬಂದು, ನಿನ್ನ ಅಕ್ಕಿರೊಟ್ಟಿಗೆ ಜೇನು ಹಚ್ಚಿಕೊಂಡು ತಿನ್ನುತ್ತಿದ್ದಳಲ್ಲ, ಅದೇ ಹುಡುಗಿ. ಹತ್ತು ವರ್ಷದಿಂದ ಅದೇ ತಿಂಗಳು, ಅದೇ ದಾರಿ. ಎಂದಿನಂತೆ ನಾನೂ ಜೊತೆಗೆ ಹೋದೆ. ಕೆಂಪು ಜುಟ್ಟಿನ ಆ ದೊಡ್ಡ ಕರಿಹಕ್ಕಿ ಮೊದಲೆಲ್ಲ ಒಂದು ಜೋಡಿ ಕಂಡರೆ ಹೆಚ್ಚು. ಈ ಸಲ ಹಳ್ಳ ತಲುಪುವಷ್ಟರಲ್ಲಿ ನಾಲ್ಕು ಜೋಡಿ. ಸುತ್ತಲಿನ ಎಸ್ಟೇಟುಗಳಲ್ಲಿ ವರ್ಷ ವರ್ಷ ಕಡಿಮೆಯಾಗಿ, ಇಲ್ಲಿ ಮಾತ್ರ ಏರಿವೆಯಂತೆ. ಯಾಕೆ ಎಂದು ಕೇಳಿದೆ. ಕಾಫಿ ರೇಟು ಬಿದ್ದು ಕೆಲಸ ನಿಂತ ಮೇಲೆ ಒಣಮರ ಕಡಿಯುವವರಿಲ್ಲ, ಅವು ಗೂಡು ಕೊರೆಯುವುದೇ ಅಂಥ ಮರದಲ್ಲಿ, ಎಂದಳು. ಜನ ಹೋದದ್ದು ಹಕ್ಕಿಗೆ ಒಳ್ಳೆಯದಾಯಿತು ಎನ್ನುವುದನ್ನು ಮೆಲ್ಲಗೆ ಹೇಳಿದಳು.

ನನಗೂ ಸಂತೋಷವಾಯಿತು. ಆದರೆ ವಾಪಸು ಆಳುಗಳ ಲೈನ್ ಮನೆಗಳ ಮುಂದೆಯೇ ಬರಬೇಕಲ್ಲ. ಕೆಲಸ ನಿಂತು ಊರು ಬಿಟ್ಟ ಮಾರಮ್ಮನ ಮನೆಯ ಹೆಂಚು ಬಿದ್ದು ಒಳಗೆಲ್ಲ ಗಿಡ ಬೆಳೆದಿದೆ. "ಮನುಷ್ಯರ ಸದ್ದಿಲ್ಲದ ಕಡೆ ನಾನಿರಾಕಿಲ್ಲ" ಎಂದು ನೀನು ಹೊರಟದ್ದು ತಪ್ಪಲ್ಲ ಅನ್ನಿಸಿತು.

ಇನ್ನೊಂದು ಸುದ್ದಿ. ಎಸ್ಟೇಟನ್ನು ಯೋಗಾನಂದ ಎನ್ನುವವರು ಕೊಂಡಿದ್ದಾರೆ. ಯುಗಾದಿ ಕಳೆದ ಮೇಲೆ ಲೈನ್ ರಿಪೇರಿಯಾಗಿ ಆಳುಗಳು ಬರುತ್ತಾರೆ. ನಾನೇ ಮತ್ತೆ ಲೆಕ್ಕ ಬರೆಯುವ ರೈಟರ್ ಆಗಬೇಕಂತೆ. ಒಣಮರಗಳಿಗೆಲ್ಲ ಸುಣ್ಣದ ಗುರುತು ಹಾಕಿಡು, ಕಡಿಸೋಣ ಎಂದರು. ಜನ ಬರುತ್ತಾರೆಂದು ಎದೆ ಹಗುರವಾಯಿತು. ಆದರೆ ಸುಣ್ಣದ ಡಬ್ಬಿ ಹಿಡಿದು ಹಳ್ಳದ ಹತ್ತಿರ ಹೋದರೆ ಕೈ ಏಳಲಿಲ್ಲ. ಮರುದಿನ ಅವರಿಗೇ ಹೇಳಿದೆ:

"ಹಳ್ಳದ ಪಕ್ಕದ ಮರ ಬುಟ್ಬುಡಿ ಸ್ವಾಮಿ. ನಾನೊಬ್ನೇ ಇದ್ದಾಗ ಜೊತೇಲಿದ್ದವು ಅವೇ."

"ಆಯ್ತು ಮಾರಾಯ, ಅಷ್ಟು ಇರ್ಲಿ" ಎಂದರು. ಉಳಿದವಕ್ಕೆ ಗುರುತು ಹಾಕಿದೆ.

ನಿನ್ನ ಮಂಡಿನೋವಿಗೆ ಎಣ್ಣೆ ಕಳಿಸಿದ್ದೇನೆ. ತಣ್ಣೀರಿನಲ್ಲಿ ನಿಂತು ಪಾತ್ರೆ ತೊಳೆಯಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಗಂಡ,
ವೀರಯ್ಯ

ಮರೆತಿದ್ದೆ: ಎಸ್ಟೇಟಿನಲ್ಲಿ ಈಗ ಎಷ್ಟು ಜನ ವಾಸವಿದ್ದೀರಿ ಎಂದು ಹೊರಡುವಾಗ ಪೂಜಿತಾ ಕೇಳಿದಳು, ಅದನ್ನೂ ಬರೆದುಕೊಳ್ಳಬೇಕಂತೆ. ನಿನ್ನನ್ನೂ ಸೇರಿಸಿ ಇಬ್ಬರು ಎಂದೆ. ಒಲೆಯ ಪಕ್ಕ ಬೋರಲು ಹಾಕಿದ್ದ ಒಂದೇ ತಟ್ಟೆಯನ್ನು ಅವಳು ನೋಡಿದಳು. ಆದರೂ ಇಬ್ಬರು ಎಂದೇ ಬರೆದುಕೊಂಡಳು.