ಎರಡೂ ಮಗ್ಗಲಿಗೆ ಸವಾಲು

೧೯೭೪, ಫೆಬ್ರವರಿ ೧೧, ಸೋಮವಾರ

…ಅಥವಾ ‘ನಂದ್ಯಾಕ್ರಿ ಬೆನ್ನ ಮಗ್ಗಲಿಗೆ’ ಅಂದಳೋ ರೇವವ್ವ. ‘ಬೆನ್ನ ಹಿಂದ’ ಅಂದಿರಲೂಬಹುದು. ಮಾತು ಸರಿಯಾಗಿ ನೆನಪಿಲ್ಲ, ಮುಖ ನೆನಪಿದೆ. ರೆಕಾರ್ಡಿನ ಒಂದು ಮಗ್ಗಲಿಗೆ ಅಮಸಿದ್ದನ ಸವಾಲು, ಇನ್ನೊಂದು ಮಗ್ಗಲಿಗೆ ನಿನ್ನ ಜವಾಬು ಎಂದು ನಾನು ವಿವರಿಸಿದಾಗ ಕೇಳಿದ್ದು. ಸವಾಲು ಮೊದಲು ಬರಬೇಕಲ್ಲ ಎಂದೆ. ತರ್ಕ ಸರಿಯಾಗಿತ್ತು. ಅವಳು ಒಪ್ಪಿದ ಹಾಗೆ ಕಾಣಲಿಲ್ಲ.

ಇಂದು ಹಾಡು ಹಿಡಿದ ಟೇಪಿನ ಸ್ಪೂಲ್ ಮುಂಬೈಗೆ ಹೋಯಿತು. ಅಲ್ಲಿಯ ಕಾರ್ಖಾನೆ ಯಾರು ಏನು ಕಳಿಸಿದರೂ ಅಚ್ಚು ಹಾಕಿಕೊಡುತ್ತದೆ. ಮುನ್ನೂರು ರೆಕಾರ್ಡಿಗೆ ಕಡಿಮೆ ಇರಬಾರದು, ಅಷ್ಟೇ. ಹಿಡಿಯುವುದು ನಾವು, ಒತ್ತುವುದು ಅವರು. ‘ಡೋಣಿ ರೆಕಾರ್ಡಿಂಗ್ ಕಂಪನಿ, ಬಸವನ ಬಾಗೇವಾಡಿ’ — ಹೆಸರು ದೊಡ್ಡದು. ಇರುವುದು ನಬಿಲಾಲನ ಲೌಡ್‌ಸ್ಪೀಕರ್ ಅಂಗಡಿಯ ಹಿಂದಿನ ಒಂದು ಕೋಣೆ. ಹೊರಗಿನ ಸದ್ದು ತಡೆಯಲು ಗೋಡೆಗೆ ಅವನ ತಾಯಿ ಹೊಲಿದ ಕೌದಿಗಳು. ಈವರೆಗೆ ಮಾಡಿದ್ದು ಒಂದು ಮದುವೆಯ ಮಂಗಲಾಷ್ಟಕ, ಮನಗೂಳಿಯ ಒಂದು ಭಜನಾ ಮೇಳ. ಅವರವರೇ ಕೊಂಡು ಅವರವರೇ ಹಂಚಿದರು. ಅಂಗಡಿಗೆ ಇಟ್ಟು ಮಾರುವುದಕ್ಕೆ ಇದೇ ಮೊದಲು.

ಫೆ. ೧೩, ಸಂಜೆ

ಹಾಡು ಹಿಡಿದ ದಿನದ ಬಗ್ಗೆ ಬರೆದಿರಲಿಲ್ಲ.

ಮಧ್ಯಾಹ್ನ. ಆಗಲೇ ಕರೆಂಟು ಸ್ವಲ್ಪ ನೆಟ್ಟಗಿರುತ್ತದೆ. ಅಮಸಿದ್ದ ಸಿಂದಗಿ ಕಡೆಯವನು, ಹರದೇಶಿ ಮೇಳದವನು. ಗಂಡು ಹೆಚ್ಚು ಎಂದು ಹಾಡುವುದು ಅವರ ಪಾಳಿ. ರೇವವ್ವ ಇಂಡಿ ಕಡೆಯವಳು, ನಾಗೇಶಿ. ಹೆಣ್ಣು ಹೆಚ್ಚು. ಇಪ್ಪತ್ತು ವರ್ಷದಿಂದ ಎದುರುಬದುರು. ಒಬ್ಬೊಬ್ಬರನ್ನೇ ಕೂರಿಸಿ ಹಿಡಿಯೋಣವೆಂದರೆ ಅವಳು ಕೇಳಲಿಲ್ಲ. ಸವಾಲು ಕಿವಿಯಾರೆ ಕೇಳಬೇಕು, ಜವಾಬು ಅಲ್ಲೇ ಹುಟ್ಟಬೇಕು. ಮನೆಯಲ್ಲಿ ಕಟ್ಟಿ ತಂದರೆ ಅದು ಜವಾಬಲ್ಲ.

ಅಮಸಿದ್ದ ದಪ್ಪು ಬಡಿದು ಹಾಡಿದ. ಅಳುವ ಮೊದಲು ಕೂಸಿನ ದನಿ ಯಾರ ಮನೆಯಲ್ಲಿತ್ತು, ಹೇಳು. ಸುತ್ತಿ ಸುತ್ತಿ ಅದನ್ನೇ ಕೇಳಿದ. ಅವನ ದಪ್ಪಿನ ಅಂಚಿಗೆ ಕಟ್ಟಿದ ಕೆಂಪು ತುರಾಯಿ ಕುಣಿಯುತ್ತಿತ್ತು. ಮಂದಿಯ ಮುಂದೆ ಸೋಲೊಪ್ಪಿದವನು ಅದನ್ನು ಬಿಚ್ಚಿ ಗೆದ್ದವರಿಗೆ ಕೊಡಬೇಕಂತೆ. ಇನ್ನೂ ಬಿಚ್ಚಿಲ್ಲ.

ಆಮೇಲೆ ನಬಿಲಾಲ ಸ್ಪೂಲನ್ನು ತಿರುವಿ ಹಾಕಿದ. ‘ಟೇಪಿಂದು ಅರ್ಧಾ ಬಾಜೂ ಖಾಲಿನ ಐತಲ್ರಿ ಸಾಹೇಬ್ರ, ಯಾಕ ಕೆಡಸೂದು?’

ರೇವವ್ವ ಹಾಡಿದಳು. ಅವಳ ತಂಗಿಯ ಮಗಳು ತಿಪ್ಪವ್ವ ತುಂತುಣಿ ಮೀಟಿ ಹಿಂದಿನ ದನಿ ಹಿಡಿದಳು. ನಾನು ಮಷೀನಿನ ಸೂಜಿ ನೋಡುತ್ತಿದ್ದೆ, ಕೆಂಪಿಗೆ ಹೋಗದ ಹಾಗೆ. ಮಾತು ಕಿವಿಗೆ ಬಿದ್ದವು, ಒಳಗೆ ಹೋಗಲಿಲ್ಲ. ನನಗೆ ಮೊದಲಿನಿಂದಲೂ ಹಾಗೆ.

ರೇವವ್ವನ ಕುತ್ತಿಗೆಯಲ್ಲಿ ಗಂಟು. ಬರುವ ತಿಂಗಳು ಮೀರಜಿನ ದವಾಖಾನೆಯಲ್ಲಿ ಕೊಯ್ಯುತ್ತಾರೆ. ‘ಕೊಯ್ದ ಮ್ಯಾಲೆ ದನಿ ಇರ್ತೈತೋ ಬಿಡ್ತೈತೋ, ಅವರೂ ಹೇಳವಲ್ರು. ಈಗ ಹಿಡ್ಕೋರಿ,’ ಅಂದಳು. ಬಾಡಿಗೆಗೆ ಕೊಡುವ ಪಾತ್ರೆಯ ಬಗ್ಗೆ ಹೇಳಿದ ಹಾಗೆ.

ಏಪ್ರಿಲ್ ೨೯

ಎರಡೂವರೆ ತಿಂಗಳು ಬರೆದಿಲ್ಲ. ಬರೆಯುವಂಥದ್ದೂ ಇರಲಿಲ್ಲ. ಆಲಮಟ್ಟಿ ಅಣೆಕಟ್ಟಿನ ಆಫೀಸಿನಲ್ಲಿ ನೀರು ನಿಲ್ಲುವ ಮಟ್ಟದ ನಕ್ಷೆಗಳನ್ನು ಟ್ರೇಸ್ ಮಾಡುತ್ತಿದ್ದೇನೆ. ಗೆರೆಯೊಳಗೆ ಗೆರೆ.

ರೆಕಾರ್ಡು ಬಂದವು. ನಾನು ಬರುವ ಮೊದಲೇ ನಬಿಲಾಲ ಒಂದು ಮಗ್ಗಲು ಹಾಕಿ ಕೇಳಿ, ಖುಷಿಯಾಗಿ, ಕಟ್ಟು ಕಟ್ಟಿ ಇಂಡಿ, ಸಿಂದಗಿ, ಮುದ್ದೇಬಿಹಾಳದ ಬಸ್ಸುಗಳಿಗೆ ಹಾಕಿಬಿಟ್ಟಿದ್ದ. ಸಂಜೆ ಬಂದು ನಾನು ತಿರುವಿ ಹಾಕಿದೆ.

ಅಳುವ ಮೊದಲು ಕೂಸಿನ ದನಿ ಯಾರ ಮನೆಯಲ್ಲಿತ್ತು.

ಇನ್ನೊಂದು ತೆಗೆದು ಹಾಕಿದೆವು. ಅದೇ. ಲೇಬಲ್ ಮೇಲೆ ‘ಜವಾಬು: ರೇವವ್ವ ಮತ್ತು ಮೇಳ’ ಎಂದು ಚೆಂದಾಗಿ ಅಚ್ಚಾಗಿದೆ. ಒಳಗೆ ಅಮಸಿದ್ದ.

‘ಯಾ ಅಲ್ಲಾ,’ ಅಂದ ನಬಿಲಾಲ. ‘ಎರಡೂ ಕಡೆ ಇವನ ಕುಂತಾನಲ್ರಿ. ಆಕಿನ್ನ ಎಲ್ಲಿ ಒಗದ್ರು ಮುಂಬೈದಾವ್ರು?’

ಇಲ್ಲಿ ಒಂದು ವಿಷಯ ಬರೆದಿಡಬೇಕು. ನನಗೆ ಅದು ಹಿಡಿಸಿತು. ಸವಾಲು, ತಿರುವಿ ಹಾಕಿದರೆ ಮತ್ತೆ ಸವಾಲು. ನಾನು ಹದಿನೈದು ವರ್ಷದಿಂದ ಪದ್ಯದಲ್ಲಿ ಬರೆಯಲು ನೋಡಿದ್ದು ಇದನ್ನೇ ಅನ್ನಿಸಿತು. ಕಾರ್ಖಾನೆ ತಪ್ಪಿ ಒಂದು ಒಳ್ಳೆಯ ಪದ್ಯ ಬರೆದಿದೆ.

ನಬಿಲಾಲನಿಗೆ ಹೇಳಲಿಲ್ಲ. ಕಾರ್ಖಾನೆಗೆ ಬರೆದು ಹಾಕಿದೆ.

ಮೇ ೧೬

ರೈಲು ಮುಷ್ಕರ. ಮುಂಬೈಯಿಂದ ಉತ್ತರ ಬರುವ ಹಾಗಿಲ್ಲ.

ತಿಪ್ಪವ್ವ ಬಂದಿದ್ದಳು. ಕೂರಲಿಲ್ಲ. ನಬಿಲಾಲ ಚಹಾ ತರಿಸಿದ, ಮುಟ್ಟಲಿಲ್ಲ.

‘ಇಂಡಿ ಹೊಟೇಲದಾಗ ಏನ್ ಅಂತಾರ ಗೊತ್ತೈತೇನ್ರಿ? ರೇವವ್ವನ ಬಾಯಿ ಕಟ್ಟೀತು ಅಂತಾರ. ಪ್ಲೇಟ ತಿರುವಿ ಹಾಕೀದ್ರೂ ಜವಾಬ ಬರಲಿಲ್ಲ, ಅಮಸಿದ್ದನ ಮತ್ತ ಕೇಳಾಕತ್ತಾನ ಅಂತಾರ. ಹುಡುಗೂರು ನಮ್ಮ ಮನಿ ಮುಂದ ಬಂದು ಹಾಡಿ ಹೊಕ್ಕಾವು.’

‘ಅದು ಮುಂಬೈದಾವ್ರ ತಪ್ಪವ್ವಾ,’ ಅಂದ ನಬಿಲಾಲ.

‘ಮುಂಬೈ ಯಾರ ನೋಡ್ಯಾರ? ರಿಕಾರ್ಡ ಸುಳ್ಳ ಹೇಳ್ತೈತೇನು ಅಂತಾರ.’ ಆಮೇಲೆ ನನ್ನ ಕಡೆ ತಿರುಗಿದಳು. ‘ಆಕಿಗೆ ಈಗ ದನಿ ಇಲ್ರಿ. ಉಸರ ಅಷ್ಟ ಬರ್ತೈತಿ. ಮೊದಲಾಗಿದ್ರ ನಿಮ್ಮ ಮಷೀನ ಕಾಯ್ತಿದ್ದಿಲ್ಲ, ಅದ ಹೊಟೇಲ ಮುಂದ ನಿಂತು ಹಾಡಿ ಬರ್ತಿದ್ಲು.’

ಮೀರಜಿನಲ್ಲಿ ಗಂಟು ತೆಗೆದರು; ಜೀವಕ್ಕೇನೂ ಭಯವಿಲ್ಲ. ದನಿ ಮರಳಿದರೂ ಹಾಡುವ ದನಿ ಮರಳಲಿಕ್ಕಿಲ್ಲವಂತೆ. ಇಪ್ಪತ್ತು ವರ್ಷ ಸೋಲದವಳು. ಹಾಡಲಾಗದ ಹೊತ್ತಿನಲ್ಲಿ, ತನ್ನ ಹಾಡೇ ಬಾರದೆ ಹೋದ ರೆಕಾರ್ಡಿನಲ್ಲಿ ಸೋತಿದ್ದಾಳೆ. ಅದನ್ನೇ ನಾನು ಪದ್ಯ ಅಂದುಕೊಂಡಿದ್ದೆ.

ಮೇ ೨೨

ಸಿಂದಗಿಗೆ ಹೋಗಿ ಅಮಸಿದ್ದನನ್ನು ಕಂಡೆ. ಕುರಿ ಹೊಡೆದುಕೊಂಡು ಹೊರಟಿದ್ದ. ಜೊತೆಗೆ ನಡೆದೆ.

‘ನಿಂಗ ಗೊತ್ತೈತಿ ಆಕಿ ಜವಾಬ ಕೊಟ್ಟಿದ್ದು.’

‘ಗೊತ್ತೈತ್ರಿ.’

‘ಮತ್ತ ಮಂದಿಗೆ ಹೇಳಬೇಕಿಲ್ಲ?’

‘ನಾ ಸುಳ್ಳ ಹೇಳಿಲ್ರಿ. ಕೇಳಿದವರಿಲ್ಲ, ಹೇಳಿಲ್ಲ.’ ಒಂದು ಮರಿಯನ್ನು ಕಾಲಲ್ಲಿ ಬದಿಗೆ ಸರಿಸಿದ. ‘ಸಾಹೇಬ್ರ, ಆಕಿ ಮುಂದ ನಾ ಒಮ್ಮೀನೂ ಗೆದ್ದಿಲ್ಲ. ಒಂದೆರಡ ತಿಂಗಳಾದ್ರೂ ಗೆದ್ದ ಅನಸ್ಕೋತೇನಿ, ನಿಮಗೇನ್ ಭಾರ ಆತು?’

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವನು ನಕ್ಕ. ಸ್ವಲ್ಪ ದೂರ ಹೋಗಿ ತಾನೇ ಹೇಳಿದ: ‘ಬರೇ ಮಾತಿಗೆ ಮಂದಿ ಕೇಳೂದಿಲ್ರಿ. ಆಕಿ ಹಾಡ ಕೇಳಸ್ರಿ. ಅವತ್ತ ನಾ ಏನ್ ಮಾಡಬೇಕೋ ಮಾಡ್ತೇನಿ.’

ಜೂನ್ ೮

ಕಾರ್ಖಾನೆಯ ಉತ್ತರ. ತಾವು ಕಳಿಸಿದ ಟೇಪಿನಲ್ಲಿ ಇದ್ದದ್ದು ಒಂದೇ ಹಾಡು. ಎರಡು ಲೇಬಲ್ ಬಂದದ್ದರಿಂದ ಎರಡೂ ಮಗ್ಗಲಿಗೆ ಅದನ್ನೇ ಒತ್ತಿದ್ದೇವೆ.

ಒಂದೇ ಹಾಡು ಎಂದರೆ? ಹಾಗಾದರೆ ಅವಳದು ಹಿಡಿದೇ ಇಲ್ಲವೇ? ಸೂಜಿ ಆಡಿದ್ದನ್ನು ನಾನೇ ನೋಡಿದ್ದೆ. ಇಡೀ ದಿನ ಆಫೀಸಿನಲ್ಲಿ ಇದೇ.

ಜೂನ್ ೧೦

ಗೊತ್ತಾಯಿತು. ಟ್ರೇಸಿಂಗ್ ಬಟ್ಟೆಯ ಮೇಲೆ ಒಂದು ಗೆರೆ ತಪ್ಪಿತ್ತು. ಕೆರೆಯಲೆಂದು ಮಗುಚಿ ಹಾಕಿದೆ. ಬೆನ್ನ ಕಡೆಯಿಂದ ನಕ್ಷೆಯೆಲ್ಲ ತಿರುಗುಮುರುಗಾಗಿ ಕಾಣಿಸಿತು. ನಮ್ಮ ಸ್ಪೂಲೂ ಹೀಗೆಯೇ.

ಸ್ಪೂಲ್ ತಿರುವಿ ಹಾಕುವುದು ನಮ್ಮ ಕೋಣೆಯ ಚಟ. ಟೇಪು ಸಿಗದ ಊರಿನಲ್ಲಿ ಅರ್ಧ ಅಗಲದಲ್ಲಿ ಒಂದು ಹಾಡು ಹೋಗಿ, ಉಳಿದರ್ಧದಲ್ಲಿ ಇನ್ನೊಂದು ವಾಪಸು ಬರುತ್ತದೆ. ಮುಂಬೈಯಲ್ಲಿ ಯಾರೂ ಹಾಗೆ ಉಳಿಸುವುದಿಲ್ಲ. ಒಂದು ದಿಕ್ಕಿಗೆ ಓಡಿಸಿ ಮುಗಿಯಿತು ಅಂದುಕೊಂಡಿದ್ದಾರೆ. ತಿರುವಿ ಹಾಕಿ ಎಂದು ನಾವೂ ಬರೆದಿರಲಿಲ್ಲ. ಬರೆಯಬೇಕು ಎಂದು ಹೊಳೆದರೆ ತಾನೇ.

ಸ್ಪೂಲ್ ವಾಪಸು ಕಳಿಸಿ ಎಂದು ತಂತಿ ಕೊಟ್ಟೆ. ನಬಿಲಾಲ ಹೇಳಿದ: ‘ಅಂದ್ರ ಆಕಿ ಅದರಾಗ ಅದಾಳ. ಉಲ್ಟಾ ಕುಂತಾಳ, ಅಷ್ಟ.’

ಜೂನ್ ೨೭

ಸ್ಪೂಲ್ ಬಂತು. ತಿರುವಿ ಹಾಕಿದೆವು.

ಮೊದಲು ತುಂತುಣಿ. ಆಮೇಲೆ ರೇವವ್ವ. ಸೂಜಿ ನೋಡಬೇಕಾಗಿರಲಿಲ್ಲ. ಕೇಳಿದೆ.

ಕೂಸಿನ ದನಿ ಕೂಸಿನ ಹತ್ತಿರ ಇರಲಿಲ್ಲ, ತಂದೆಯ ಮನೆಯಲ್ಲೂ ಇರಲಿಲ್ಲ ಅಮಸಿದ್ದಾ. ಬರುತ್ತದೆ ಎಂದು ಕಾದು ಕುಂತ ತಾಯಿಯ ಕಿವಿಯಲ್ಲಿತ್ತು. ಅವಳು ಮೊದಲು ಕೇಳಿದಳು, ಆಮೇಲೆ ಅದು ಅತ್ತಿತು.

ಹೀಗೆ ಬರೆದರೆ ಏನೂ ಆಗುವುದಿಲ್ಲ. ಹಾಡಿನಲ್ಲಿ ‘ಕಿವಿಯಾಗ’ ಎಂಬಲ್ಲಿ ಅವಳು ನಿಲ್ಲುತ್ತಾಳೆ. ಇಡೀ ಮೇಳ ನಿಲ್ಲುತ್ತದೆ. ಹೊರಗೆ ಎಲ್ಲೋ ಬಸ್ಸಿನ ಹಾರ್ನು, ಅದೂ ಟೇಪಿನಲ್ಲಿದೆ. ಹಾಡು ಮುಗಿದ ಮೇಲೆ, ಮಷೀನ್ ಬಂದ್ ಮಾಡುವ ಮೊದಲು, ಸಣ್ಣ ದನಿಯಲ್ಲಿ ಅಮಸಿದ್ದ: ‘ಹೌದ ಬಿಡವ್ವಾ.’

ನಬಿಲಾಲ ಕಣ್ಣು ಒರೆಸಿಕೊಂಡ. ಧೂಳು ಎಂದ. ‘ಅವನ ಮಾತ ಕತ್ತರಿಸಬ್ಯಾಡ್ರಿ ಸಾಹೇಬ್ರ. ಅದೂ ಬರ್ಲಿ.’

ಜವಾಬನ್ನಷ್ಟೇ ಬೇರೊಂದು ಟೇಪಿಗೆ, ಒಂದೇ ದಿಕ್ಕಿಗೆ, ಇಳಿಸಿ ಕಳಿಸಿದೆವು. ಹೊಸ ರೆಕಾರ್ಡು. ಮೊದಲು ಮಾದರಿ ಕಳಿಸಿ ಎಂದೂ ಬರೆದೆ. ಇನ್ನೊಂದು ಮಗ್ಗಲಿಗೆ ಏನು ಎಂಬುದನ್ನು ಆಮೇಲೆ ತಿಳಿಸುತ್ತೇವೆ.

ಜುಲೈ ೧೯

ಮುದ್ದೇಬಿಹಾಳದಿಂದ ಒಂದು ಮೇಳ ಬಂದಿತ್ತು. ತಾವೂ ಜವಾಬು ಹಾಡುತ್ತಾರಂತೆ, ಹಿಡಿಯಬೇಕಂತೆ. ಮಸೂತಿ ಊರಿನ ಮೇಳದವರೂ ಹೇಳಿ ಕಳಿಸಿದ್ದಾರೆ. ಜವಾಬಿಲ್ಲದ ಸವಾಲು ರೆಕಾರ್ಡಿನಲ್ಲಿ ತಿರುಗುತ್ತಿದ್ದರೆ ಮೇಳದವರಿಗೆ ನಿದ್ದೆ ಬರುವುದಿಲ್ಲ. ನಬಿಲಾಲ ಹಿಗ್ಗಿದ್ದಾನೆ. ಕಂಪನಿ ಎಂಬುದು ಮೊದಲ ಸಲ ಕಂಪನಿಯಂತೆ ಕಾಣುತ್ತಿದೆ. ಆದರೂ ಅವರಿಗೆ ತಾನೇ ಹೇಳಿ ಕಳಿಸಿದ: ‘ಮೊದಲ ರೇವವ್ವಂದು ಹೊರಗ ಬರ್ಲಿ. ಆಮ್ಯಾಲೆ ನಿಮ್ದು, ನಿಮ್ಮ ಬೀಗರದೂ ಹಿಡಿಯೂನು.’

ಆಗಸ್ಟ್ ೩೧

ಮಾದರಿ ಬಂತು. ಒಂದು ಮಗ್ಗಲಿಗೆ ಜವಾಬು. ಇನ್ನೊಂದು ಮಗ್ಗಲು ನುಣ್ಣಗೆ, ಖಾಲಿ.

ನಬಿಲಾಲ ತನ್ನ ದೊಡ್ಡ ಲೌಡ್‌ಸ್ಪೀಕರ್ ಹಾರ್ನು ಬಸ್ಸಿನ ಮೇಲೆ ಕಟ್ಟಿಸಿಕೊಂಡು ಹೊರಟ. ಸಂತೆಯ ದಿನ; ಇಂಡಿಯ ಅದೇ ಹೊಟೇಲಿನ ಮುಂದೆ ಬೇವಿನ ಮರಕ್ಕೆ ಏರಿಸಿದೆವು. ಅಮಸಿದ್ದನಿಗೆ ಹೇಳಿ ಕಳಿಸಿದ್ದೆ. ಬರುತ್ತಾನೆ ಅಂದುಕೊಂಡಿರಲಿಲ್ಲ. ಬಂದ, ದಪ್ಪು ಬಗಲಲ್ಲಿ. ರೇವವ್ವ ಇರಲಿಲ್ಲ; ಕುತ್ತಿಗೆ ತೋರಿಸಲು ಮೀರಜಿಗೆ ಹೋಗಿದ್ದಳು. ತಿಪ್ಪವ್ವ ಇದ್ದಳು.

ನಬಿಲಾಲ ಮೊದಲು ಸವಾಲಿನ ರೆಕಾರ್ಡು ಹಾಕಿದ. ಜನ ನಕ್ಕರು. ‘ಗೊತ್ತೈತಿ ಬಿಡೋ ನಬಿಲಾಲ, ತಿರುವಿದ್ರೂ ಇದ ಬರ್ತೈತಿ.’ ಆಮೇಲೆ ಹೊಸದು ಹಾಕಿದ.

‘ಕಿವಿಯಾಗ’ ಎಂಬಲ್ಲಿ ಅವಳು ನಿಂತಳು. ಸಂತೆಯೂ ನಿಂತಿತು ಎಂದರೆ ಹೆಚ್ಚಾಗುತ್ತದೆ. ಹೊಟೇಲಿನವನು ಚಹಾ ಸೋಸುವುದನ್ನು ನಿಲ್ಲಿಸಿದ, ಅದನ್ನು ನೋಡಿದೆ. ಕೊನೆಗೆ ಮರದ ಮೇಲಿಂದ, ಊರಿಗೆಲ್ಲ ಕೇಳುವ ಹಾಗೆ: ‘ಹೌದ ಬಿಡವ್ವಾ.’

ಎಲ್ಲರೂ ಅಮಸಿದ್ದನ ಕಡೆ ತಿರುಗಿದರು.

ಅವನು ತುರಾಯಿ ಬಿಚ್ಚಿದ. ಯಾರಿಗೆ ಕೊಡುವುದು? ಸುತ್ತ ನೋಡಿದ. ತಿಪ್ಪವ್ವ ಕೈ ಚಾಚಲಿಲ್ಲ. ‘ನಾ ಅಲ್ಲೋ ಮಾವಾ ನಿನಗ ಜವಾಬ ಕೊಟ್ಟಾಕಿ,’ ಅಂದಳು. ಅಮಸಿದ್ದ ಚಪ್ಪಲಿ ಕಳಚಿ, ಈ ವಯಸ್ಸಿನಲ್ಲಿ ಮರ ಹತ್ತಿ, ತುರಾಯಿಯನ್ನು ಹಾರ್ನಿಗೆ ಕಟ್ಟಿ ಇಳಿದ. ‘ಆಕಿ ಬಂದ ಮ್ಯಾಲೆ ಬಿಚ್ಚಿ ಕೊಡ್ರಿ,’ ಎಂದ. ಮೊಣಕಾಲು ತರಚಿತ್ತು.

ಸೆಪ್ಟೆಂಬರ್ ೨೨

ಗೆದ್ದವರು ಮುಂದಿನ ಸವಾಲು ಹಾಕಬೇಕು. ಪದ್ಧತಿ. ಖಾಲಿ ಮಗ್ಗಲಿಗೆ ಅದೇ.

ರೇವವ್ವ ಮತ್ತೊಮ್ಮೆ ಮೀರಜಿಗೆ ಹೋಗಿ ಅಲ್ಲಿಂದ ನೇರ ಬಂದಿದ್ದಳು, ಕುತ್ತಿಗೆಗೆ ಸೆರಗು ಸುತ್ತಿಕೊಂಡು. ಕೌದಿಗೆ ಬೆನ್ನು ಕೊಟ್ಟು ಕುಂತಳು. ಪಿಸುದನಿಯಲ್ಲಿ ಒಂದೊಂದು ಸಾಲು ಹೇಳಿದಳು, ತಿಪ್ಪವ್ವ ಎತ್ತಿಕೊಂಡಳು. ತಿಪ್ಪವ್ವನ ದನಿ ಒರಟು, ಅವಸರ. ಅವಸರ ಮಾಡಿದಲ್ಲೆಲ್ಲ ರೇವವ್ವ ಅವಳ ತೊಡೆಗೆ ತಟ್ಟಿದಳು. ಆ ತಟ್ಟುವ ಸಪ್ಪಳವೂ ಟೇಪಿನಲ್ಲಿ ಸೇರಿದೆ. ತೆಗೆಯುವುದಿಲ್ಲ.

ಸವಾಲು ಇದು: ಕೇಳಿದ ಕಿವಿ ಇಲ್ಲವಾದ ಮೇಲೆ ದನಿ ಎಲ್ಲಿ ಹೋಗಿ ಇರುತ್ತದೆ?

ಅಮಸಿದ್ದ ಈಗಾಗಲೇ ಸಿಂದಗಿಯಲ್ಲಿ ಕುರಿಗಳಿಗೆ ಜವಾಬು ಹಾಡಿ ನೋಡುತ್ತಿದ್ದಾನಂತೆ.

ತುರಾಯಿ ಕೊಟ್ಟೆವು. ರೇವವ್ವ ಅದನ್ನು ಮೂಸಿ ನೋಡಿದಳು. ಏನೋ ಅಂದಳು, ಕೇಳಿಸಲಿಲ್ಲ. ‘ಕುರಿ ನಾತ ಅಂತ,’ ತಿಪ್ಪವ್ವ ಹೇಳಿದಳು.

ಅಕ್ಟೋಬರ್ ೪

ಮುದ್ದೇಬಿಹಾಳದ ಮೇಳಕ್ಕೆ ಬರುವ ವಾರ ಹೇಳಿದ್ದೇನೆ. ಹೊಸ ಸವಾಲಿಗೂ ಜವಾಬು ಕಟ್ಟುತ್ತಾರಂತೆ. ನಬಿಲಾಲ ಇನ್ನೆರಡು ಕೌದಿ ತಂದ.

ಕಾರ್ಖಾನೆಯಿಂದ ಕಾರ್ಡು. ಟೇಪು ಸರಿಯಾಗಿ ತಲುಪಿದೆ. ಲೇಬಲ್ ಅಚ್ಚಿಗೆ ಹೋಗುವ ಮೊದಲು ಒಂದನೇ ಮಗ್ಗಲು ಯಾವುದು, ಎರಡನೆಯದು ಯಾವುದು, ತಿಳಿಸಿ. ಸವಾಲು ಮೊದಲು ಎಂದು ಫೆಬ್ರವರಿಯಲ್ಲಿ ಎಷ್ಟು ಸಲೀಸಾಗಿ ಹೇಳಿದ್ದೆ. ಈಗ ಜವಾಬಾದ ಮೇಲೆ ಸವಾಲು ಬಂದಿದೆ, ಅದರ ಜವಾಬು ಇನ್ನೊಂದು ರೆಕಾರ್ಡಿನಲ್ಲಿ, ಅದರ ಬೆನ್ನಿಗೆ ಮತ್ತೆ… ಪೆನ್ನು ಹಿಡಿದು ಕುಂತಿದ್ದೇನೆ. ಅಂಚೆ ಹೊರಡುವ ಹೊತ್ತಾಯಿತು, ನಬಿಲಾಲ ಬಾಗಿಲಲ್ಲಿ ಕಾಯುತ್ತಿದ್ದಾನೆ — ರೇವವ್ವಾ, ಇದಕ್ಕ ಬೆನ್ನ ಮಗ್ಗಲ ಯಾವುದು?