ಚಾಲೂ ಮಷೀನಿನ ಪೂಜೆ

ಗೋಕಾಕ ಫಾಲ್ಸ್
21-11-1999, ರವಿವಾರ

ಮಲ್ಲೇಶ ಅವರಿಗೆ,

ಪ್ರತಿ ಸಲ ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಬರೆಯುತ್ತಿದ್ದೆ. ಈ ಸಲ ಕೈ ಏಳಲಿಲ್ಲ. ಆದರೂ ಕೇಳುವುದನ್ನು ಕೇಳಬೇಕಲ್ಲ: ನಿಮ್ಮ ಸೊಂಟದ ನೋವು ಹೇಗಿದೆ? ಇಚಲಕರಂಜಿಯ ಖಾನಾವಳಿಯಲ್ಲಿ ಈಗಲಾದರೂ ಜೋಳದ ರೊಟ್ಟಿ ಸಿಗುತ್ತಿದೆಯೇ? ಇಲ್ಲಿ ಅತ್ತೆ, ಮಾವ ಆರಾಮ ಇದ್ದಾರೆ. ನಾನು ಆರಾಮ ಇಲ್ಲ.

ನಿಮ್ಮ ಪತ್ರ ಬಂತು. ‘ನಿನಗ ಯಾರು ಕೈ ಹಾಕಂದಿದ್ರು? ಕ್ಲಾಸ್ ಬಂದ್ ಮಾಡು. ಉಳಿದ ಮೂರೂ ಕಂಪ್ಯೂಟರ್ ಹುಕ್ಕೇರಿಯವರಿಗೆ ಮಾರೀನಿ, ರವಿವಾರ ಬಂದು ಒಯ್ತಾರ.’ ಇಷ್ಟೇ. ಅತ್ತೆ ಫೋನಿನಲ್ಲಿ ‘ಶೋಭಾ ಮಷೀನ ಸುಟ್ಟಳು’ ಎಂದರಂತೆ, ನೀವು ನಂಬಿದಿರಂತೆ. ಅವರಾದರೂ ಅಡುಗೆಮನೆಯಲ್ಲಿದ್ದರು, ಓಡಿ ಬಂದಾಗ ಹೊಗೆ ಕಂಡಿತು, ಸೊಸೆ ಕಂಡಳು, ಹೇಳಿಬಿಟ್ಟರು. ನೀವು? ‘ಏನಾತು ಶೋಭಾ’ ಎಂದು ಒಂದು ಮಾತು ಕೇಳಲು ನಿಮ್ಮ ಗಂಟೇನು ಹೋಗುತ್ತಿತ್ತು?

ಈಗ ಕೇಳಿರಿ. ನನ್ನ ಕಂಪ್ಯೂಟರ್ ಕ್ಲಾಸಿನ ನಾಲ್ಕು ಕಂಪ್ಯೂಟರಿಗೆ ಪ್ರಿಂಟರ್ ಒಂದೇ. ಹುಡುಗಿಯರು ಫ್ಲಾಪಿ ಹಿಡಿದು ಪಾಳಿ ಹಚ್ಚುತ್ತಿದ್ದರು. ಒಂದಕ್ಕೊಂದು ತಂತಿಯಿಂದ ಜೋಡಿಸಿದರೆ ಕೂತಲ್ಲಿಂದಲೇ ಪ್ರಿಂಟ್ ಕೊಡಬಹುದೆಂದು ಬೆಳಗಾವಿಯಿಂದ ನೆಟ್‌ವರ್ಕ್ ಕಾರ್ಡ್ ತರಿಸಿದೆ. ದೀಪಾವಳಿ ಪಾಡ್ಯಕ್ಕೆ ಮುಹೂರ್ತ ಮಾಡು, ಮೊದಲ ಕಾರ್ಡು ಅಪ್ಪನ ಕೈಯಿಂದಲೇ ಹಾಕಿಸು ಎಂದವರು ನೀವೇ. ಮಾವನವರು ಮಿಲ್ಲಿನಲ್ಲಿ ಆಯುಷ್ಯ ಕಳೆದವರು. ಮಷೀನು ತಿರುಗುತ್ತಿರುವಾಗಲೇ ಪೂಜೆ ಆಗಬೇಕೆಂಬುದು ಅವರ ಹಟ. ನಾನು ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಪ್ಲಗ್ ಕಿತ್ತು ಇಟ್ಟಿದ್ದೆ. ‘ನಿಂತ ಮಷೀನಿಗೆ ಯಾರರ ವಿಭೂತಿ ಹಚ್ಚತಾರೇನ? ಚಾಲೂ ಮಾಡವ್ವಾ’ ಎಂದರು. ‘ಬ್ಯಾಡ್ರಿ ಮಾವಾ, ಸುಡತೈತಿ’ ಎಂದೆ. ‘ಹಬ್ಬದ ದಿನ ಸುಡೂದರ ಮಾತ್ಯಾಕ’ ಎಂದು ಗದರಿ ತಾವೇ ಪ್ಲಗ್ ಹಾಕಿ, ಚಾಲೂ ಇದ್ದ ಮಷೀನಿನೊಳಗೆ ಕಾರ್ಡು ಒತ್ತಿದರು. ಚಟ್ ಎಂದಿತು, ಹೊಗೆ ಎದ್ದಿತು, ಒಳಗಿನ ಬೋರ್ಡೇ ಹೋಯಿತು.

ಓಣಿಯ ಮಂದಿ ಪ್ರಸಾದಕ್ಕೆಂದು ಹೊರಗೆ ಕೂತಿದ್ದರು. ‘ಹೆಂಗಸರ ಕೈಯಾಗ ಕೊಟ್ರ ಹಿಂಗಽ’ ಎಂದು ಯಾರೋ ಅಂದರು. ಮಾವನವರು ತಟ್ಟೆ ಹಿಡಿದು ಸುಮ್ಮನೆ ನಿಂತರು. ನಾಲ್ಕು ಮಂದಿಯೆದುರು ಹಿರಿಯರ ಮುಖ ಕೆಡಿಸಬಾರದೆಂದು ನಾನೂ ಹಲ್ಲು ಕಚ್ಚಿ ಸುಮ್ಮನಾದೆ. ಮಂದಿ ಹೋದ ಮೇಲಾದರೂ ಅವರು ಬಾಯಿ ಬಿಡುತ್ತಾರೆ ಎಂದುಕೊಂಡಿದ್ದೆ. ಬಿಡಲಿಲ್ಲ.

ಸಿಟ್ಟಿನಲ್ಲೇ ಉಳಿದ ಮೂರಕ್ಕೂ ನಾನೇ ಕಾರ್ಡು ಹಾಕಿದೆ. ಪ್ಲಗ್ ಕಿತ್ತು, ಮೈಯೊಳಗಿನ ಕರೆಂಟು ಇಳಿಯಲೆಂದು ಬರಿಗೈಯಿಂದ ಡಬ್ಬಿಯ ಕಬ್ಬಿಣ ಮುಟ್ಟಿ, ಎರಡೂ ತುದಿ ಸಮನಾಗಿ ಒತ್ತಿ, ಸ್ಕ್ರೂ ಬಿಗಿದೆ. ಒಂದು ಮಷೀನು ಮಾತ್ರ ಕಾರ್ಡನ್ನು ಗುರುತಿಸಲೇ ಒಲ್ಲದು. ಹಳೆಯ ಸೌಂಡ್ ಕಾರ್ಡೂ ಇದೂ ಕಂಪ್ಯೂಟರ್ ಕೊಡುವ ಒಂದೇ ನಂಬರಿಗೆ ವಾರಗಿತ್ತಿಯರ ಹಾಗೆ ಜಗಳಾಡುತ್ತಿದ್ದವು. ಒಂದರ ನಂಬರು ಬದಲಿಸಿದೆ, ತಣ್ಣಗಾದವು. ನಿನ್ನೆ ಮೂರನೆಯದರಿಂದ ಕರೆದರೆ ಮೊದಲನೆಯದು ತಟ್ಟನೆ ಉತ್ತರ ಕೊಟ್ಟಿತು. ಸಂತೋಷಕ್ಕೆ ಕಣ್ಣೀರೇ ಬಂತು. ಕಬ್ಬಿಣದ ಡಬ್ಬಿ ಕರೆದರೆ ಓ ಎನ್ನುತ್ತದೆ, ಗಂಡನಿಗೆ ಮಾತ್ರ ಹೆಂಡತಿಯ ಮಾತು ಬೇಡ! ಇವನ್ನು ಕಿತ್ತು ಹುಕ್ಕೇರಿಯವರಿಗೆ ಕೊಡುವುದು ನನ್ನಿಂದ ಆಗುವುದಿಲ್ಲ. ಕ್ಲಾಸ್ ನಡೆಯುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣಿರಿ. ಕಿವಿಗೆ ಮಫ್ಲರ್ ಸುತ್ತಿಕೊಳ್ಳಿರಿ. ಸಿಟ್ಟು ಬೇರೆ, ಥಂಡಿ ಬೇರೆ.

ಶೋಭಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಹುಕ್ಕೇರಿಯವರು ಟೆಂಪೋ ತಂದರು. ನಾನು ಏಳುವ ಮೊದಲೇ ಮಾವನವರು ಹೋಗಿ ಬಾಗಿಲಿಗೆ ಅಡ್ಡ ಕೂತರು. ‘ಆಕಿ ಬ್ಯಾಡ ಅಂದಿದ್ಲು. ಸುಟ್ಟಾಂವ ನಾನು. ಮಗಗ ಹೇಳಾಕ ನಾಚಿಕಿ ಆಗಿ ಸುಮ್ಮ ಕುಂತಿದ್ದೆ’ ಎಂದು ಓಣಿಗೆಲ್ಲ ಕೇಳುವಂತೆ ಹೇಳಿದರು. ಟೆಂಪೋ ಖಾಲಿ ಹೋಯಿತು. ಅವರ ಮೇಲಿನ ಸಿಟ್ಟು ಅಲ್ಲಿಗೇ ಇಳಿಯಿತು. ನಿಮ್ಮ ಮೇಲಿನದು ಇಳಿದಿಲ್ಲ. ಅವರು ತಪ್ಪು ಮಾಡಿ ಒಪ್ಪಿದರು. ನೀವು ಕೇಳದೆಯೇ ನ್ಯಾಯ ಹೇಳಿದಿರಿ. ಉತ್ತರ ಬರೆಯಬೇಡಿ, ಫೋನೂ ಬೇಡ. ಬನ್ನಿರಿ. ಅಪ್ಪ ಕೂತ ಬಾಗಿಲಲ್ಲೇ ಕೂತು, ಅಷ್ಟೇ ಗಟ್ಟಿಯಾಗಿ ಹೇಳಿರಿ.